ಬಚ್ಚಲ ನೀರಿನ ಅಳತೆಗೆ ಕೈತೋಟ

ನಮ್ಮದು ಸಿರಾ ಸೀಮೆಯ ಕೆಂಪು ಮಣ್ಣು. ವರ್ಷದ ಮಳೆ ಸಾಧಾರಣ 600 ಮಿಲಿಮೀಟರ್ ಒಳಗೇ. ಹೊಲದಲ್ಲಿ ಕಡ್ಲೆಕಾಯಿ, ರಾಗಿ, ಅಕ್ಕಡಿ ಸಾಲಿಗೆ ತೊಗರಿ, ಅವರೆ, ಅಲಸಂದೆ. ಬೋರು ಕೊರೆಸಿಲ್ಲ. ಮನೆ ಹಿಂದೆ ಎರಡು ಗುಂಟೆ ಹಿತ್ತಲಿದೆ. ಅದರಲ್ಲಿ ತರಕಾರಿ ಬೆಳೆಯುವುದಕ್ಕೆ ಶುರು ಮಾಡಿ ಹತ್ತು ವರ್ಷ ದಾಟಿತು.

ಕೈತೋಟ ಮಾಡಿ, ಆರೋಗ್ಯ ಕಾಪಾಡಿ ಅಂತ ಹೇಳುವವರು ಬಹಳ ಜನ. ಒಣಗಿದ್ದು, ಕೊಳೆತಿದ್ದು, ಕೋಳಿ ಕೆದರಿದ್ದು ಯಾರೂ ಹೇಳುವುದಿಲ್ಲ. ನಾನು ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಬಾವಿ, ಬೋರು ಇಲ್ಲದ ನನ್ನಂಥವರಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಮೊದಲ ಪೆಟ್ಟು

ಹಿತ್ತಲಲ್ಲಿ ಮುಂಚಿನಿಂದಲೂ ನಮ್ಮ ಅವ್ವ ಒಂದು ಹೀರೆ ಬಳ್ಳಿ, ಎರಡು ಬದನೆ, ಒಂದಿಷ್ಟು ದಂಟು ಇಟ್ಟುಕೊಂಡಿರುತ್ತಿದ್ದಳು. ಬಚ್ಚಲ ಮೋರಿ ಬಾಯಿಗೆ ಬಳ್ಳಿ, ಮೇಲೆ ಜಾಲಿ ಕೊಂಬೆಯ ಚಪ್ಪರ. ಆ ಹೀರೆ ಗಿಡ್ಡ, ಒಂದು ಗೇಣು ಇದ್ದರೆ ಹೆಚ್ಚು. ಆದರೆ ಏಣು ತೆಳ್ಳಗೆ, ಸಿಪ್ಪೆಯೂ ಚಟ್ನಿಗೆ ಆಗುತ್ತಿತ್ತು. ಪ್ರತಿ ವರ್ಷ ಎರಡು ಕಾಯಿ ಬಲಿಯಲು ಬಿಟ್ಟು ಒಲೆ ಮೇಲೆ ತೂಗುಹಾಕುತ್ತಿದ್ದಳು. ಅವಳು 2014ರಲ್ಲಿ ತೀರಿಕೊಂಡಳು.

2015ರಲ್ಲಿ ನನಗೆ ಹುಮ್ಮಸ್ಸು ಬಂತು. ಎರಡು ಗುಂಟೆಯನ್ನೂ ಅಗೆದು, ನಾಲ್ಕು ಗಾಡಿ ಗೊಬ್ಬರ ಹೊಡೆದು, ಟೊಮೆಟೊ, ಬದನೆ, ಬೆಂಡೆ, ಮೂಲಂಗಿ, ಹುರುಳಿಕಾಯಿ, ಹೀರೆ, ಸೋರೆ ಎಲ್ಲಾ ಹಾಕಿದೆವು. ಮಳೆ ಇರುವ ತನಕ ಚೆನ್ನಾಗೇ ಬಂತು. ಸಂತೆಗೆ ಚೀಲ ಹಿಡಿದು ಹೋಗುವುದನ್ನೇ ಬಿಟ್ಟಿದ್ದೆವು. ಅಕ್ಕಪಕ್ಕದವರಿಗೂ ಹಂಚಿದೆವು.

ಸಂಕ್ರಾಂತಿ ಕಳೆದ ಮೇಲೆ ಶುರುವಾಯಿತು ನೋಡಿ. ನಮ್ಮನೆಯವಳು, ಮಗ, ನಾನು ಮೂವರೂ ನಲ್ಲಿಯಿಂದ ದಿನಕ್ಕೆ ಇಪ್ಪತ್ತು ಕೊಡ ಹೊತ್ತು ಹಾಕಿದೆವು. ಎಲ್ಲಾ ಗಿಡಕ್ಕೂ ಸ್ವಲ್ಪ ಸ್ವಲ್ಪ. ಮಣ್ಣಿನ ಮೇಲ್ಮೈ ಒದ್ದೆಯಾಗುತ್ತಿತ್ತೇ ಹೊರತು ಬೇರಿಗೆ ಇಳಿಯುತ್ತಿರಲಿಲ್ಲ. ಮಾರ್ಚಿಗೆ ಅರ್ಧ ಹೋಯಿತು. 2016 ಬರದ ವರ್ಷ. ಊರಿನ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರು ಬಂತು. ಕುಡಿಯುವುದಕ್ಕೇ ಸರದಿ ನಿಲ್ಲುವಾಗ ಗಿಡಕ್ಕೆಲ್ಲಿಂದ? ಪೂರಾ ಒಣಗಿತು. ಅದರ ಜೊತೆಗೆ ಅವ್ವನ ಹೀರೆಯೂ ಹೋಯಿತು. ಬೀಜಕ್ಕೆ ಬಿಟ್ಟಿದ್ದ ಎರಡು ಕಾಯಿ ಬಲಿಯುವ ಮೊದಲೇ ಸುರುಟಿಕೊಂಡವು. ಹಳೇ ಬೀಜ ಒಂದು ಹಿಡಿಯನ್ನೂ ಉಳಿಸಿಕೊಂಡಿರಲಿಲ್ಲ, ಎಲ್ಲಾ ನೆಟ್ಟುಬಿಟ್ಟಿದ್ದೆ. ಇದು ನನ್ನದೇ ತಪ್ಪು.

"ಅತ್ತೆ ಒಂದೇ ಬಳ್ಳಿ ಇಟ್ಟು ನಲವತ್ತು ವರ್ಷ ಕಾಪಾಡಿದರು, ನೀವು ಒಂದೇ ವರ್ಷಕ್ಕೆ ಮುಗಿಸಿದಿರಿ" ಅಂದಳು ನಮ್ಮನೆಯವಳು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನೀರು ಅಳೆದ ಮೇಲೆ ಗೊತ್ತಾಗಿದ್ದು

2018ರಲ್ಲಿ ಮತ್ತೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿದೆವು. ಬಚ್ಚಲ ಮೋರಿಗೆ 200 ಲೀಟರಿನ ಹಳೇ ಡ್ರಮ್ಮು ಇಟ್ಟು ಒಂದು ವಾರ ಅಳೆದೆವು. ಮನೆಯಲ್ಲಿ ಐದು ಜನ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಸೇರಿ ದಿನಕ್ಕೆ ಸರಾಸರಿ 160 ಲೀಟರ್. ಬಟ್ಟೆ ಒಗೆದ ನೀರು ಇದರಲ್ಲಿ ಸೇರಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಇನ್ನು ಗಿಡಕ್ಕೆ ಎಷ್ಟು ಬೇಕು? ಲೆಕ್ಕ ಕಷ್ಟವಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಏಪ್ರಿಲ್ ಬಿಸಿಲಿಗೆ ನಮ್ಮ ಕಡೆ ತರಕಾರಿ ಮಡಿಯಿಂದ, ಮಣ್ಣು ಮತ್ತು ಎಲೆ ಎರಡೂ ಸೇರಿ, ದಿನಕ್ಕೆ ಹತ್ತಿರ ಹತ್ತಿರ ಆರು ಮಿಲಿಮೀಟರ್ ಆರಿಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿ ಅಂದರೆ ಒಂಬತ್ತು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಅದಕ್ಕೆ ದಿನಕ್ಕೆ 55 ಲೀಟರ್ ಬೇಕು. ನಮ್ಮ 160 ಲೀಟರಿಗೆ ಅಂಥವು ಮೂರು ಮಡಿ ಆಗುತ್ತವೆ. 300 ಚದರಡಿ. ಕಾಲು ಗುಂಟೆಗಿಂತ ಚೂರು ಜಾಸ್ತಿ, ಅಷ್ಟೇ.

ಎರಡು ಗುಂಟೆ ಅಂದರೆ 2178 ಚದರಡಿ. ಅದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 1200 ಲೀಟರ್, 15 ಲೀಟರಿನ ಕೊಡದಲ್ಲಿ ಎಂಬತ್ತು ಕೊಡ! ನಾವು ಹೊತ್ತಿದ್ದು ಇಪ್ಪತ್ತು. ಎರಡು ವರ್ಷದ ಹಿಂದೆಯೇ ಈ ಲೆಕ್ಕ ಹಾಕಿದ್ದರೆ ಸೊಂಟನೋವಾದರೂ ಉಳಿಯುತ್ತಿತ್ತು.

ಆವತ್ತಿನಿಂದ ನಮ್ಮ ತೋಟ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೃಗಶಿರಾ ಮಳೆಗೆ ಎರಡು ಗುಂಟೆಯೂ ತುಂಬುತ್ತದೆ: ಬದನೆ, ಮೆಣಸಿನಕಾಯಿ, ಬೆಂಡೆ, ದಂಟು, ಸೋರೆ, ಕುಂಬಳ. ಇವು ಮಳೆ ನಂಬಿಕೊಂಡವು. ಚಳಿಗಾಲಕ್ಕೆ ನಾಲ್ಕು ಮಡಿ. ಶಿವರಾತ್ರಿ ಹೊತ್ತಿಗೆ ಮೋರಿ ಬದಿಯ ಮೂರು ಮಡಿ ಬಿಟ್ಟು ಉಳಿದದ್ದನ್ನು ಮುಲಾಜಿಲ್ಲದೆ ಕೀಳುತ್ತೇವೆ. ಇನ್ನೂ ಹೂ ಬಿಡುತ್ತಿರುವ ಬದನೆ ಗಿಡ ಕೀಳುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಅದನ್ನು ಉಳಿಸಲು ಹೋದರೆ ಬೇರೆ ನಾಲ್ಕು ಸಾಯುತ್ತವೆ. ಖಾಲಿಯಾದ ಜಾಗಕ್ಕೆ ತಿಪ್ಪೆಗೊಬ್ಬರ ಹರಡಿ ಸುಮ್ಮನೆ ಬಿಡುತ್ತೇವೆ.

ಬೇಸಿಗೆಯ ಮೂರು ಮಡಿಯಲ್ಲಿ ಇರುವುದು ಹೀರೆ, ತೊಂಡೆ, ಬಸಳೆ, ಚಕ್ರಮುನಿ, ನಾಲ್ಕು ಬದನೆ. ಬೇಲಿ ಮೂಲೆಯಲ್ಲಿ ಎರಡು ನುಗ್ಗೆ, ಅದಕ್ಕೆ ನೀರೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ಸೊಪ್ಪು ತರಕಾರಿ ಹೇಳುತ್ತಾರೆ. ಐದು ಜನಕ್ಕೆ ಎರಡು ಕೆ.ಜಿ. ಬೇಸಿಗೆಯಲ್ಲಿ ನಮ್ಮ ತೋಟ ಕೊಡುವುದು ದಿನಕ್ಕೆ ಅರ್ಧ ಕೆ.ಜಿ. ಇದ್ದೀತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಮಾತ್ರ ತಿಂದು ಮಿಗುತ್ತದೆ. ಹೊಲದ ಬದುವಿನ ಬೆರಕೆ ಸೊಪ್ಪು ಸೇರಿಸಿದರೆ ಕೇಳುವುದೇ ಬೇಡ.

ಸೋಪಿನ ನೀರು, ಮಡಕೆ ನೀರು

ಮೊದಲು ಬಟ್ಟೆ ಒಗೆದ ನೀರನ್ನೂ ಮಡಿಗೇ ಬಿಡುತ್ತಿದ್ದೆವು. ಒಂದು ವರ್ಷಕ್ಕೆ ಮಣ್ಣು ಹಲಗೆಯಂತಾಯಿತು. ಗುದ್ದಲಿ ಇಳಿಯುತ್ತಿರಲಿಲ್ಲ, ಮೇಲೆ ಬೆಳ್ಳಗೆ ಪೊರೆ, ಹುರುಳಿಕಾಯಿ ಎಲೆಯಂಚು ಸುಟ್ಟ ಹಾಗೆ. ಸೋಪಿನ ಪುಡಿಯಲ್ಲಿ ಸೋಡ ಇರುತ್ತದೆ, ಅದು ಮಣ್ಣನ್ನು ಚೌಳು ಮಾಡುತ್ತದೆ. ಈಗ ಆ ನೀರು ಬೇರೆ ಕಾಲುವೆಯಲ್ಲಿ ತೆಂಗಿನ ಬುಡಕ್ಕೆ. ಸ್ನಾನದ ನೀರು ಮಾತ್ರ ಮೂರಡಿ ಗುಂಡಿಗೆ ಬೀಳುತ್ತದೆ: ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಮರಳು. ಅಲ್ಲಿಂದ ಪೈಪಿನಲ್ಲಿ ಪಾತಿಗೆ. ಗುಂಡಿ ಅಂಚಿಗೆ ಎರಡು ಬಾಳೆ. ಮೇಲಿನ ಮರಳನ್ನು ಎರಡು ಮೂರು ತಿಂಗಳಿಗೊಮ್ಮೆ ತೆಗೆದು ತೊಳೆಯಲೇಬೇಕು, ಇಲ್ಲದಿದ್ದರೆ ವಾಸನೆ, ಸೊಳ್ಳೆ.

ಇನ್ನೊಂದು ಮಾತು. ಬಚ್ಚಲ ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ಬೀಳಬಾರದು. ಕೊತ್ತಂಬರಿ, ಮೂಲಂಗಿ ಥರ ಹಸಿಯಾಗಿ ತಿನ್ನುವುದಕ್ಕೆ ಈ ನೀರು ಬೇಡವೇ ಬೇಡ. ಅವನ್ನು ನಾವು ಮಳೆಗಾಲದಲ್ಲಿ ಮಾತ್ರ ಹಾಕುತ್ತೇವೆ.

ಬಳ್ಳಿಗಳ ಬುಡದಲ್ಲಿ ಹೂತ ಮಡಕೆ ಒಳ್ಳೆಯದು. ಹತ್ತು ಲೀಟರಿನ ಸುಟ್ಟ ಮಣ್ಣಿನ ಮಡಕೆಯನ್ನು ಕತ್ತಿನ ತನಕ ಹೂತು ಬಾಯಿಗೆ ಮುಚ್ಚಳ ಇಡಬೇಕು. ಮಡಕೆಯ ಮೈಯಿಂದ ನೀರು ನಿಧಾನ ಜಿನುಗುತ್ತದೆ, ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ನಾನು ಜಾಣತನ ಮಾಡಿ ಇದಕ್ಕೂ ಬಚ್ಚಲ ನೀರು ತುಂಬಿದೆ. ಜಿಡ್ಡು ಕಟ್ಟಿ ತಿಂಗಳಲ್ಲಿ ಮಡಕೆಯ ರಂಧ್ರ ಮುಚ್ಚಿಹೋಯಿತು. ನೀರು ತುಂಬಿದಂತೆಯೇ ನಿಂತಿದೆ, ಬಳ್ಳಿ ಬಾಡಿದೆ! ಮಡಕೆಗೆ ಒಳ್ಳೆ ನೀರೇ ಆಗಬೇಕು.

ಮಡಿಗೆ ಕಡ್ಲೆಕಾಯಿ ಸಿಪ್ಪೆ ಹೊದಿಸುತ್ತೇವೆ. ಕಾಂಡಕ್ಕೆ ತಾಗಿಸಿ ಹಾಕಿ ಗೆದ್ದಲು ತಿಂದ ಮೇಲೆ, ಬುಡದಿಂದ ಒಂದು ಗೇಣು ಬಿಟ್ಟು ಹಾಕುವುದನ್ನು ಕಲಿತೆವು.

ಹುಳ, ನೊಣ, ಕೋಳಿ

ಹೀರೆಗೆ ದೊಡ್ಡ ಶತ್ರು ಹಣ್ಣುನೊಣ. ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಸೊಟ್ಟಗಾಗಿ ಹಳದಿ ಬಣ್ಣಕ್ಕೆ ತಿರುಗಿ ಒಳಗೆ ಹುಳ. ಎರಡು ವರ್ಷ ಆ ಕಾಯಿಗಳನ್ನು ತಿಪ್ಪೆಗೆ ಎಸೆಯುತ್ತಿದ್ದೆವು. ಅಂದರೆ ನಾವೇ ನೊಣ ಸಾಕಿದಂತೆ. ಹುಳ ಕಾಯಿಯಿಂದ ಹೊರಬಿದ್ದು ಮಣ್ಣಿನಲ್ಲಿ ಕೋಶವಾಗಿ ಮತ್ತೆ ನೊಣವಾಗುತ್ತದೆ. ಈಗ ಚುಚ್ಚಿದ ಕಾಯಿ, ಉದುರಿದ ಕಾಯಿ ದಿನವೂ ಆಯ್ದು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಎರಡು ದಿನ ಬಿಟ್ಟು, ಎರಡಡಿ ಆಳಕ್ಕೆ ಹೂಳುತ್ತೇವೆ. ಎಳೆಕಾಯಿಗೆ ಹಳೇ ಪೇಪರಿನ ಕೊಳವೆ ತೊಡಿಸುತ್ತೇವೆ. ಈ ಕೆಲಸ ಮೊಮ್ಮಗಳದು. ಹತ್ತರಲ್ಲಿ ಆರು ಕಾಯಿ ಹೋಗುತ್ತಿದ್ದದ್ದು ಈಗ ಎರಡಕ್ಕೆ ನಿಂತಿದೆ.

ಬದನೆಯ ಬಾಡಿದ ಕುಡಿಯನ್ನು ಕಂಡ ಕೂಡಲೇ ಹುಳದ ಸಮೇತ ಚಿವುಟಿ ಸುಡಬೇಕು. ಟೊಮೆಟೊ ಮಾತ್ರ ನಮಗೆ ಒಗ್ಗಲಿಲ್ಲ. ಗಿಡ ಹಗಲು ಬಾಡುವುದು, ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು. ಬೇರುಗಂಟಿನ ಜಂತು. ಆ ಮಡಿಗೆ ಒಂದು ವರ್ಷ ಚೆಂಡುಹೂ, ಆಮೇಲೆ ರಾಗಿ ಹಾಕಿದೆವು. ಕಡಿಮೆಯಾಗಿದೆ, ಪೂರಾ ಹೋಗಿಲ್ಲ. ಟೊಮೆಟೊ ಸಂತೆಯಿಂದಲೇ ತರುತ್ತೇವೆ.

ಕೋಳಿ ವಿಷಯಕ್ಕೆ ಮನೆಯಲ್ಲಿ ಜಗಳವಾಗದ ವಾರವಿಲ್ಲ. ಜಾಲಿಮುಳ್ಳಿನ ಬೇಲಿ, ಒಳಗೆ ಹಳೇ ಸೀರೆ ಕಟ್ಟಿದ ಮೇಲೆ ಒಂದಷ್ಟು ಶಾಂತಿ. ನವಿಲಿಗೆ ಸೀರೆ ಲೆಕ್ಕವಿಲ್ಲ.

ಹೋದ ಬೀಜ

ಹೀರೆ ಹೋದ ಮೇಲೆ ಎರಡು ವರ್ಷ ಅಂಗಡಿಯ ಪೊಟ್ಟಣದ ಬೀಜ ಹಾಕಿದೆವು. ಉದ್ದುದ್ದ ಕಾಯಿ, ಇಳುವರಿಯೂ ಚೆನ್ನ. ಆದರೆ ಅದು ಹೈಬ್ರಿಡ್. ಅದರ ಬೀಜ ಹಿಡಿದು ಹಾಕಿದ ವರ್ಷ ಒಂದು ಬಳ್ಳಿಯಂತೆ ಇನ್ನೊಂದಿಲ್ಲ. ಪ್ರತಿ ವರ್ಷ ಕೊಂಡೇ ಹಾಕಬೇಕು.

2019ರಲ್ಲಿ ಅಕ್ಕನ ಮಗಳ ಮನೆ ಗೃಹಪ್ರವೇಶಕ್ಕೆ ಮಧುಗಿರಿ ಕಡೆ ಹೋಗಿದ್ದೆವು. ಹಿತ್ತಲಲ್ಲಿ ಗೇಣುದ್ದದ ಹೀರೆ. ನಮ್ಮನೆಯವಳು ಊಟ ಬಿಟ್ಟು ಅಲ್ಲೇ ನಿಂತಳು. ಕೇಳಿದರೆ, "ಅಜ್ಜಿ ನನ್ನ ಮದುವೇಲಿ ಮಡಿಲಕ್ಕಿ ಜೊತೆ ಗಂಟು ಕಟ್ಟಿ ಕೊಟ್ಟಿದ್ದು ಮಾವ, ನಿಮ್ಮನೇಲಿ ಇಲ್ವಾ?" ಅಂದಳು. ಹನ್ನೆರಡು ಬೀಜ ತಂದೆವು, ಒಂಬತ್ತು ಹುಟ್ಟಿದವು.

ಅಲ್ಲೂ ಒಂದು ತಪ್ಪು ಮಾಡಿದೆ. ಅದೇ ಚಪ್ಪರಕ್ಕೆ ಪೊಟ್ಟಣದ ಬಳ್ಳಿಯೂ ಇತ್ತು. ದುಂಬಿ, ಪತಂಗಕ್ಕೆ ಯಾವುದು ಅವ್ವನದು ಯಾವುದು ಅಂಗಡಿಯದು ಎಂದು ಗೊತ್ತೇ? 2020ರಲ್ಲಿ ಅರ್ಧ ಕಾಯಿ ಮೊಳದುದ್ದ ಬಂದವು. ಪುಣ್ಯಕ್ಕೆ ಮೂರು ಬೀಜ ಮಿಕ್ಕಿದ್ದವು. ಆವತ್ತಿನಿಂದ ಬೀಜದ ಕಾಯಿಗೆ ಬೇರೆಯೇ ಕ್ರಮ. ಹೀರೆ ಹೂ ಸಂಜೆ ಐದರ ಮೇಲೆ ಅರಳುತ್ತದೆ. ಅವತ್ತು ಅರಳಬೇಕಾದ ಹೆಣ್ಣು ಮೊಗ್ಗು, ಅಂದರೆ ಹಿಂದೆ ಪುಟ್ಟ ಕಾಯಿ ಇರುವುದು, ಮತ್ತು ಎರಡು ಗಂಡು ಮೊಗ್ಗು ನೋಡಿಕೊಂಡು ಮಧ್ಯಾಹ್ನವೇ ತುದಿಗೆ ನೂಲು ಕಟ್ಟಬೇಕು. ಸಂಜೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮೆಲ್ಲಗೆ ಒರೆಸಿ, ಹೆಣ್ಣು ಹೂವಿಗೆ ಮತ್ತೆ ನೂಲು ಕಟ್ಟಿ, ತೊಟ್ಟಿಗೆ ಕೆಂಪು ದಾರ. ಆ ಕಾಯಿ ಯಾರೂ ಕೀಳುವಂತಿಲ್ಲ. ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನಬೇಕು.

2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಹೊಲದ ಕಡ್ಲೆಕಾಯಿ ಬಿತ್ತನೆಗೆ ಹಾಕಿದ ದುಡ್ಡೂ ಬರಲಿಲ್ಲ. ನಲ್ಲಿ ವಾರಕ್ಕೆರಡು ದಿನ, ಸ್ನಾನವೂ ಕಮ್ಮಿ, ಮೋರಿಯ ನೀರು 160ರಿಂದ 90 ಲೀಟರಿಗೆ ಇಳಿಯಿತು. ಲೆಕ್ಕ ಗೊತ್ತಿದ್ದದ್ದರಿಂದ ಮೂರು ಮಡಿಯನ್ನು ಒಂದೂವರೆಗೆ ಇಳಿಸಿದೆವು. ತೊಂಡೆ, ಬದನೆ ಬಿಟ್ಟುಕೊಟ್ಟೆವು. ಎರಡು ಹೀರೆ ಬಳ್ಳಿ, ಬಸಳೆ, ಚಕ್ರಮುನಿ ಉಳಿದವು. 2024ರ ಮೇ ತನಕ ಎಳೆದು, ಭರಣಿ ಮಳೆ ಒಂದು ಹದ ಬಿದ್ದಾಗ ಬಳ್ಳಿಯಲ್ಲಿ ಕೆಂಪು ದಾರದ ಎರಡು ಕಾಯಿ ಇದ್ದವು.

ಈಗ ಬೀಜವನ್ನು ಒಂದೇ ಕಡೆ ಇಡುವುದಿಲ್ಲ. ಬೂದಿ ಬೆರೆಸಿ ಬಾಟಲಿಯಲ್ಲಿ ನಮ್ಮಲ್ಲಿ ಒಂದು ಪಾಲು, ಊರಿನಲ್ಲಿ ನಾಲ್ಕು ಮನೆಗೆ, ಮಧುಗಿರಿಗೆ ಒಂದು ಪಾಲು. ನಾಲ್ಕು ಮನೆಯವರಲ್ಲಿ ಇಬ್ಬರು ಬಳ್ಳಿ ಹಬ್ಬಿಸಿದ್ದಾರೆ, ಒಬ್ಬರ ಮನೆಯಲ್ಲಿ ಮೇಕೆ ತಿಂದಿತು, ಇನ್ನೊಬ್ಬರು ನೆಡಲೇ ಇಲ್ಲವಂತೆ. ಮುಂದಿನ ಮೃಗಶಿರಾಕ್ಕೆ ಮೇಕೆ ಮನೆಯವರಿಗೆ ಮತ್ತೆ ಐದು ಬೀಜ ಕೊಡಬೇಕು, ಮೊದಲು ಬೇಲಿ ಕಟ್ಟಿ ಅಂತ ಹೇಳಿದ್ದೇನೆ.