ಹೊಡೆಯುವ ಮೊದಲು ನೋಡಿ



ಮೊನ್ನೆ ಮಧ್ಯಾಹ್ನ ಹಂಪಸಾಗರದಲ್ಲಿ ನಾವೆಲ್ಲ ಓದಲು ಕೂತಿದ್ದೆವು. ಬೇಲಿಯ ಕಡ್ಡಿಯ ಮೇಲೆ ದೊಡ್ಡ ನೊಣವೊಂದು ಬಂದು ಕೂತಿತು.

"ಎಮ್ಮೆ ಕಚ್ಚೋ ನೊಣ ಇದು!" ಎಂದು ಒಬ್ಬ ಅಕ್ಕ ಕಸಬರಿಗೆ ಎತ್ತಿದರು.

"ತಡೀರಿ ಅಕ್ಕ, ಅದರ ಕಾಲಾಗ ಏನೈತಿ ನೋಡ್ರಿ" ಎಂದೆವು. ಅದು ಒಂದು ಮನೆನೊಣವನ್ನು ಹಿಡಿದಿತ್ತು!

ದೊಡ್ಡ ನೊಣಗಳೆಲ್ಲ ಒಂದೇ ಅಲ್ಲ. ಗುರುತು ಹಿಡಿಯೋಣ ಬನ್ನಿ.

ಕುದುರೆ ನೊಣ

ಇದು ಕುದುರೆಯನ್ನಷ್ಟೇ ಅಲ್ಲ, ಎಮ್ಮೆ, ಆಕಳು, ಎತ್ತುಗಳನ್ನೂ ಕಚ್ಚುತ್ತದೆ. ಮೈ ದಪ್ಪ. ತಲೆ ಅಗಲ. ತಲೆಯ ತುಂಬ ಕಣ್ಣು. ಕೆಲವು ನೊಣಗಳ ಕಣ್ಣು ಹಸಿರಾಗಿ ಹೊಳೆಯುತ್ತದೆ.

ರಕ್ತ ಕುಡಿಯುವುದು ಹೆಣ್ಣು ನೊಣ ಮಾತ್ರ. ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಅದರ ಬಾಯಿ ಚಾಕುವಿನ ಹಾಗೆ. ಚರ್ಮ ಕೊಯ್ದು ರಕ್ತ ನೆಕ್ಕುತ್ತದೆ. ಎಮ್ಮೆ ಬಾಲ ಬೀಸಿದರೆ ಎದ್ದು ಪಕ್ಕದ ಎಮ್ಮೆಯ ಮೇಲೆ ಕೂಡುತ್ತದೆ. ಬಾಯಿಗೆ ಹತ್ತಿದ ರಕ್ತದ ಜೊತೆ ರೋಗವೂ ಹೋಗುತ್ತದೆ. ಸರ್ರಾ ರೋಗ ಹರಡುವುದು ಹೀಗೆ.

ಸರ್ರಾ ಬಂದರೆ ಜ್ವರ ಬಂದು ಬಂದು ಹೋಗುತ್ತದೆ. ದನ ಸೊರಗುತ್ತದೆ. ಹಾಲು ಕಡಿಮೆಯಾಗುತ್ತದೆ. ಕೆಲವು ದನ ನಿಂತಲ್ಲೇ ಸುತ್ತು ತಿರುಗುತ್ತವೆ. ಗಬ್ಬದ ದನ ಕಂದು ಹಾಕುವುದೂ ಉಂಟು. ತಡ ಮಾಡಿದರೆ ದನ ಸಾಯಬಹುದು. ಬೇಗ ದನದ ದವಾಖಾನೆಗೆ ಹೋಗಿ. ಇಲ್ಲವೆ 1962 ಸಂಖ್ಯೆಗೆ ಫೋನ್ ಮಾಡಿ. ರಕ್ತ ಪರೀಕ್ಷೆ ಮಾಡಿಸಿ. ಈ ರೋಗಕ್ಕೆ ಔಷಧ ಇದೆ.

ಬೇಟೆ ನೊಣ

ಇಂಗ್ಲಿಷಿನಲ್ಲಿ ಇದಕ್ಕೆ ರಾಬರ್ ಫ್ಲೈ, ಅಂದರೆ ದರೋಡೆ ನೊಣ ಎನ್ನುತ್ತಾರೆ. ಆದರೆ ನಮ್ಮ ಮನೆಯಿಂದ ಏನನ್ನೂ ದೋಚುವುದಿಲ್ಲ. ಮೈ ಉದ್ದ, ಹಿಂದೆ ಚೂಪು. ಕಾಲಿನಲ್ಲಿ ಮುಳ್ಳಿನಂಥ ಕೂದಲು. ಮುಖದಲ್ಲಿ ಮೀಸೆ! ಎರಡು ಕಣ್ಣುಗಳ ನಡುವೆ ತಗ್ಗು. ಬಿಸಿಲಲ್ಲಿ ಕಾದು ಕೂತು, ಹಾರುವ ಹುಳ ಹಿಡಿದು ರಸ ಹೀರುತ್ತದೆ. ಜೇನುಹುಳವನ್ನೂ ಹಿಡಿಯುತ್ತದೆ, ನಿಜ. ಆದರೆ ದನದ ರಕ್ತ ಕುಡಿಯುವುದಿಲ್ಲ. ಅದನ್ನು ಕೈಯಲ್ಲಿ ಹಿಡಿಯಬೇಡಿ, ಚುಚ್ಚುತ್ತದೆ.

ನಾವೇನು ಮಾಡಬೇಕು?

ಕುದುರೆ ನೊಣದ ಮರಿಹುಳ ಕೆಸರಲ್ಲಿ ಬೆಳೆಯುತ್ತದೆ. ನಮ್ಮ ಕಡೆ ತುಂಗಭದ್ರೆಯ ಹಿನ್ನೀರು ಇದೆ. ಅಲ್ಲಿನ ಕೆಸರು ಒಣಗಿಸಲು ಆಗದು. ಕೊಟ್ಟಿಗೆಯ ಸುತ್ತ ನೀರು ನಿಲ್ಲದಂತೆ ಮಾಡಬಹುದಲ್ಲ? ನೊಣ ಹೆಚ್ಚಾದಾಗ ಬಿಸಿಲ ಹೊತ್ತಿನಲ್ಲಿ ದನವನ್ನು ಕೊಟ್ಟಿಗೆಯ ಒಳಗೆ ಕಟ್ಟೋಣ. ಬೇವಿನ ಸೊಪ್ಪಿನ ಹೊಗೆ ಹಾಕೋಣ.

ಆ ಅಕ್ಕ ಕಸಬರಿಗೆ ಕೆಳಗಿಟ್ಟರು. "ಇದು ನಮ್ಮ ಕಡೆಯದು, ಇರಲಿ ಬಿಡ್ರಿ" ಎಂದು ನಕ್ಕರು.

ಓದಿ, ಉತ್ತರ ಹೇಳಿ
1. ಮೀಸೆ ಇರುವ ನೊಣ ಯಾವುದು?
2. ಸರ್ರಾ ರೋಗ ಹೇಗೆ ಹರಡುತ್ತದೆ?
3. ನಿಮ್ಮ ಕೊಟ್ಟಿಗೆಯ ಹತ್ತಿರ ಯಾವ ನೊಣ ಇದೆ? ನೋಡಿ ಬಂದು ಹೇಳಿ.