‘ನಿತ್ಯೋತ್ಸವ’ ಬರೆದ ಭೂವಿಜ್ಞಾನದ ಮೇಷ್ಟ್ರು

ರಾಜ್ಯೋತ್ಸವ ಬಂತೆಂದರೆ ‘ನಿತ್ಯೋತ್ಸವ’ ಕೇಳಿಸದ ಕಾಲೇಜು ಅಪರೂಪ. ನಮ್ಮಲ್ಲಿ ಅನೇಕರಿಗೆ ಅದು ಬಾಯಿಪಾಠ. ಆದರೆ ಅದನ್ನು ಬರೆದವರು ಕಾಲೇಜಿನಲ್ಲಿ ಕಲಿಸಿದ್ದು ಕನ್ನಡವನ್ನಲ್ಲ, ಭೂವಿಜ್ಞಾನವನ್ನು ಎಂಬುದು ಎಷ್ಟು ಜನರಿಗೆ ಗೊತ್ತು?

ಕೆ.ಎಸ್. ನಿಸಾರ್ ಅಹಮದ್ ಅವರು 1936ರ ಫೆಬ್ರವರಿ 5ರಂದು ದೇವನಹಳ್ಳಿಯಲ್ಲಿ ಹುಟ್ಟಿದರು. ಮನೆಮಾತು ಉರ್ದು. ಹತ್ತನೇ ವಯಸ್ಸಿನಲ್ಲಿ ಅವರು ಬರೆದ ‘ಜಲಪಾತ’ ಎಂಬ ಕವಿತೆ ಕೈಬರಹದ ಪತ್ರಿಕೆಯೊಂದರಲ್ಲಿ ಬಂತು. ಮುಂದೆ 1959ರಲ್ಲಿ ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಗಣಿ ಇಲಾಖೆಯಲ್ಲಿ ಸ್ವಲ್ಪ ಕಾಲ ಸಹಾಯಕ ಭೂವಿಜ್ಞಾನಿಯಾಗಿದ್ದು, ಆಮೇಲೆ ಬೆಂಗಳೂರು, ಶಿವಮೊಗ್ಗದ ಕಾಲೇಜುಗಳಲ್ಲಿ ಅದೇ ವಿಷಯವನ್ನು ಪಾಠ ಮಾಡಿದರು.

ಈ ವಿಷಯ ತಿಳಿದ ಮೇಲೆ ಹಾಡಿನ ಮೊದಲ ಚರಣವನ್ನು ಮತ್ತೆ ಕೇಳಿ. ಅಲ್ಲಿ ಜೋಗವಿದೆ, ತುಂಗೆಯ ದಡದ ತೆನೆಯಿದೆ. ಜೊತೆಗೆ ಸಹ್ಯಾದ್ರಿಯ ‘ಅದಿರು’ ಇದೆ, ‘ನಿತ್ಯಹರಿದ್ವರ್ಣ’ದ ಕಾಡಿದೆ. ಮೊದಲನೆಯ ಪದ ನಮಗೆ ಸಿಗುವುದು ವಿಜ್ಞಾನದ ಪುಸ್ತಕದಲ್ಲಿ, ಎರಡನೆಯದು ಭೂಗೋಳದ ಪಾಠದಲ್ಲಿ. ಸಹ್ಯಾದ್ರಿ ಸಾಲಿನ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ದೊಡ್ಡ ನಿಕ್ಷೇಪವಿದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಎತ್ತರವನ್ನು ಯಾರಾದರೂ ಹೊಗಳಬಹುದು. ಅದರ ಒಡಲಲ್ಲಿ ಏನಿದೆ ಎಂದು ನೋಡಿದ್ದು ಕಲ್ಲು, ಮಣ್ಣು ಓದಿದ ಕಣ್ಣು. ಮುಂದಿನ ಚರಣ ಶಾಸನ, ಓಲೆಗರಿ, ದೇಗುಲಗಳನ್ನು ನೆನೆಯುತ್ತದೆ. ಕೊನೆಯದು ಕುಲ ಕೇಳದ ಹಿರಿಮೆಯನ್ನು ಕೊಂಡಾಡುತ್ತದೆ.

ಪುಸ್ತಕದ ಕವಿತೆ ಮನೆಮನೆಯ ಹಾಡಾದದ್ದೂ ಸ್ವಾರಸ್ಯದ ಸಂಗತಿ. ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಕವನ ಸಂಕಲನ ಕೈಗೆತ್ತಿಕೊಳ್ಳದವರ ಮನೆಗೂ ಕವಿತೆ ಹೀಗೆ ಟೇಪಿನಲ್ಲಿ ಸುತ್ತಿಕೊಂಡು ಹೋಯಿತು.

‘ನಾನು ಸೈನ್ಸ್ ವಿಭಾಗ, ಸಾಹಿತ್ಯ ನನಗೇಕೆ?’ ಎನ್ನುವವರು ನಮ್ಮಲ್ಲಿದ್ದಾರೆ. ‘ಮನೆಯಲ್ಲಿ ಬೇರೆ ಭಾಷೆ, ಕನ್ನಡ ಪರೀಕ್ಷೆಗೆ ಮಾತ್ರ’ ಎನ್ನುವವರೂ ಇದ್ದಾರೆ. ಇಬ್ಬರಿಗೂ ನಿಸಾರರ ಬದುಕೇ ಉತ್ತರ. ತಾವು ಭೂವಿಜ್ಞಾನ ಕಲಿಸಿದ ಶಿವಮೊಗ್ಗದಲ್ಲೇ 2006ರಲ್ಲಿ ಅವರು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2008ರಲ್ಲಿ ಪದ್ಮಶ್ರೀ ಬಂತು. 2020ರ ಮೇ 3ರಂದು ಅವರು ನಮ್ಮನ್ನಗಲಿದರು.

ಅಭ್ಯಾಸ: ನಿಮ್ಮ ವಿಜ್ಞಾನ, ವಾಣಿಜ್ಯ ಅಥವಾ ಇತಿಹಾಸದ ಪಠ್ಯದಿಂದ ಐದು ಕನ್ನಡ ಪದಗಳನ್ನು ಆರಿಸಿ. ಅವುಗಳನ್ನು ಬಳಸಿ ನಿಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆದು ಭಿತ್ತಿಪತ್ರಿಕೆಗೆ ಕೊಡಿ. ನಿಸಾರರ ಮೊದಲ ಕವಿತೆಯೂ ಬಂದದ್ದು ಕೈಬರಹದ ಹಾಳೆಯಲ್ಲೇ.