ಆಸ್ಟ್ರೇಲಿಯಾದ ಗಣಿಗೆ ಹೊರಟವರಿಗೆ

ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಧನಬಾದಿನಲ್ಲೋ ಗಣಿ ಎಂಜಿನಿಯರಿಂಗ್ ಓದಿದ ಹಲವರಿಗೆ ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಕಣ್ಣು. ಸಂಬಳ ಚೆನ್ನಾಗಿದೆ, ನಿಜ. ಆದರೆ ಆಫರ್ ಲೆಟರ್ ಬಂದಾಗ ಮೊದಲು ರೋಸ್ಟರ್ ನೋಡಿ. ಅಲ್ಲಿ ಎಷ್ಟೋ ಗಣಿಗಳ ಪಕ್ಕ ಊರೇ ಇರುವುದಿಲ್ಲ. ಪರ್ತ್‌ನಿಂದ ವಿಮಾನದಲ್ಲಿ ಕರೆದೊಯ್ಯುತ್ತಾರೆ. ಎರಡು ವಾರ ದಿನಕ್ಕೆ 12 ಗಂಟೆ ಪಾಳಿ, ಕ್ಯಾಂಪಿನ ಒಂಟಿ ಕೋಣೆ, ಆಮೇಲೆ ಒಂದು ವಾರ ಮನೆ. ಇಂಥ ಲೆಕ್ಕ ಅಲ್ಲಿ ಮಾಮೂಲು. ಹೊಸದಾಗಿ ಮದುವೆಯಾದವರು ಮನೆಯಲ್ಲಿ ಕೂತು ಮಾತಾಡಿಯೇ ಸಹಿ ಹಾಕಿ.

ಪಾಳಿಗೆ ಮುನ್ನ ಯಂತ್ರಕ್ಕೆ ಊದಬೇಕು. ರಾತ್ರಿಯ ಬಿಯರ್ ಬೆಳಗ್ಗೆ ಸಿಕ್ಕಿಬೀಳುತ್ತದೆ. ಭೂಗತ ಗಣಿಗಿಳಿಯುವಾಗ ನಿಮ್ಮ ಹೆಸರಿನ ಬಿಲ್ಲೆಯನ್ನು ಬೋರ್ಡಿಗೆ ಸಿಕ್ಕಿಸಬೇಕು, ಮೇಲೆ ಬಂದ ಕೂಡಲೇ ತೆಗೆಯಬೇಕು. ಮರೆತು ಕ್ಯಾಂಪಿಗೆ ಹೋದಿರೋ, ನೀವಿನ್ನೂ ಒಳಗಿದ್ದೀರೆಂದೇ ಲೆಕ್ಕ. ನಿಮ್ಮನ್ನು ಹುಡುಕುವವರೆಗೆ ಸ್ಫೋಟ ನಿಲ್ಲುತ್ತದೆ, ಇಡೀ ಪಾಳಿಯ ಬೈಗುಳ ನಿಮಗೇ!

ಹೊರಡುವ ಮುನ್ನ ಹಟ್ಟಿಯಂಥ ಭೂಗತ ಗಣಿಯಲ್ಲಿ ಒಂದೆರಡು ವರ್ಷ ಧೂಳು ಕುಡಿಯಿರಿ. ಜೊತೆಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ (ಡಿಜಿಎಂಎಸ್) ಮ್ಯಾನೇಜರ್ ಸರ್ಟಿಫಿಕೇಟ್ ಪಾಸು ಮಾಡಿಕೊಳ್ಳಿ. ಆಸ್ಟ್ರೇಲಿಯಾದ ಕಾನೂನಿಗೆ ಅಲ್ಲಿನದೇ ಪರೀಕ್ಷೆ ಬರೆಯಬೇಕು. ಆದರೆ ನಾಳೆ ವಾಪಸ್ ಬಂದರೆ ಇಲ್ಲಿ ಗಣಿ ಮ್ಯಾನೇಜರ್ ಆಗಲು ಡಿಜಿಎಂಎಸ್ ಸರ್ಟಿಫಿಕೇಟ್ ಬೇಕೇ ಬೇಕು. ಲೋಹದ ದರ ಕುಸಿದಾಗ ಕೆಲಸ ಹೋಗುವುದು ಈ ವೃತ್ತಿಯಲ್ಲಿ ಹೊಸದೇನಲ್ಲ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು: ಮುಂಗಡ ಕೇಳುವ ಏಜೆಂಟ್ ಸಿಕ್ಕರೆ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಇದೆಯೇ ನೋಡಿ, ಆಮೇಲೆ ಮಾತಾಡಿ.